ಗರ್ಭನಿರೋಧಕ ಗುಳಿಗೆ: ಯಾರಿಗೆ ಯಾವುದು ಹಿತ?

ಕನ್ನಡಕದ ಅಂಗಡಿಗೆ ಹೋದವರಾರೂ “ಇರುವುದರಲ್ಲಿ ಅತ್ಯುತ್ತಮವಾದ ಕನ್ನಡಕವನ್ನು ಕೊಡಿ” ಎಂದು ಕೇಳುವುದಿಲ್ಲ. ಮೊದಲು ಕಣ್ಣಿನ ಪರೀಕ್ಷೆಯಾಗಬೇಕು. ಮಸೂರದ ಮಾತು ಅನಂತರದ್ದು. ನೆರೆಮನೆಯಾಕೆಗೆ ಹೊಂದಿದ ಕನ್ನಡಕ ತನಗೂ ಹೊಂದೀತೆಂದು ನಂಬುವಷ್ಟು ಮುಗ್ಧರು ಇಂದು ಯಾರೂ ಇಲ್ಲ. ಆದರೆ ಗರ್ಭನಿರೋಧಕ ಗುಳಿಗೆಯ ವಿಷಯದಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಅಕ್ಕ ನುಂಗಿದ ಗುಳಿಗೆಯ ಹೆಸರನ್ನು ತಂಗಿ ಚೀಟಿಯಲ್ಲಿ ಬರೆದುಕೊಂಡು ಔಷಧದ ಅಂಗಡಿಗೆ ಹೋಗುತ್ತಾಳೆ. ಗೆಳತಿಗೆ ವಾಕರಿಕೆ ತಂದಿತೆಂಬ ಕಾರಣಕ್ಕೆ ಇನ್ನೊಬ್ಬಳು ಗುಳಿಗೆಯ ಹೆಸರನ್ನೇ ಎತ್ತುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ.

ಭೌತಶಾಸ್ತ್ರವನ್ನು ಬೋಧಿಸುವವರಿಗೆ ಈ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಔಷಧವನ್ನು ಬರೆದುಕೊಡುವುದು ವೈದ್ಯರ ಕೆಲಸ, ಅದರಲ್ಲಿ ಸಂದೇಹವಿಲ್ಲ. ಆದರೆ ಗುಳಿಗೆಯ ಆಯ್ಕೆಯಲ್ಲಿ ಏಳುವ ಮುಖ್ಯ ಪ್ರಶ್ನೆಗಳೆಲ್ಲ ಅಳತೆಯ ಪ್ರಶ್ನೆಗಳೇ: ಹಾರ್ಮೋನು ಎಷ್ಟು ಮೈಕ್ರೊಗ್ರಾಮು, ರಕ್ತದ ಒತ್ತಡ ಎಷ್ಟು ಮಿಲಿಮೀಟರು ಪಾದರಸ, ಹತ್ತು ಸಾವಿರ ಮಂದಿಯಲ್ಲಿ ಎಷ್ಟು ಜನರಿಗೆ ಅಪಾಯ? ಅಳತೆಯ ಭಾಷೆ ತಿಳಿಯದಿರುವುದರಿಂದ, ಎಚ್ಚರ ವಹಿಸಬೇಕಾದವರು ನಿಶ್ಚಿಂತರಾಗಿಯೂ ನಿಶ್ಚಿಂತರಾಗಿರಬಹುದಾದವರು ಭಯಗ್ರಸ್ತರಾಗಿಯೂ ಇರುವುದನ್ನು ಕಂಡು ಈ ಲೇಖನವನ್ನು ಬರೆಯಬೇಕೆನಿಸಿತು.

ಗುಳಿಗೆಯ ಒಳಗೆ

ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಒಂದು ಉಷ್ಣನಿಯಂತ್ರಕವಿರುತ್ತದೆ. ಪೆಟ್ಟಿಗೆ ತಕ್ಕಷ್ಟು ಕಾದೊಡನೆ ವಿದ್ಯುತ್ತು ತಾನಾಗಿಯೇ ನಿಲ್ಲುತ್ತದೆ. ತಣಿದೊಡನೆ ಮತ್ತೆ ಹರಿಯುತ್ತದೆ. ಸ್ತ್ರೀದೇಹದಲ್ಲಿಯೂ ಇಂಥದೊಂದು ಏರ್ಪಾಡಿದೆ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ನಿರ್ನಾಳ ಗ್ರಂಥಿಯಿದೆ. ಅದು ತನ್ನ ಹಾರ್ಮೋನುಗಳ ಮೂಲಕ ಅಂಡಾಶಯಕ್ಕೆ ಆಜ್ಞೆಯನ್ನು ಕಳುಹಿಸುತ್ತದೆ. ಆಜ್ಞೆ ತಲುಪಿದಾಗ ಅಂಡಾಶಯದಲ್ಲಿ ಅಂಡವು ಪಕ್ವವಾಗುತ್ತದೆ. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರಾನ್ ಎಂಬೆರಡು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಇವೆರಡೂ ರಕ್ತದಲ್ಲಿ ಸಾಕಷ್ಟಿವೆಯೆಂದು ಕಂಡಾಗ ಪಿಟ್ಯುಟರಿ ತನ್ನ ಆಜ್ಞೆಯನ್ನು ತಗ್ಗಿಸುತ್ತದೆ. ಗುಳಿಗೆ ಮಾಡುವುದು ಇಷ್ಟೆ: ಈ ಹಾರ್ಮೋನುಗಳಿಗೆ ಸಮಾನವಾದ ಕೃತಕ ವಸ್ತುಗಳನ್ನು ದಿನದಿನವೂ ಒದಗಿಸಿ, ಆಜ್ಞೆಯ ಅಗತ್ಯವಿಲ್ಲವೆಂದು ಪಿಟ್ಯುಟರಿಯನ್ನು ನಂಬಿಸುವುದು. ಆಗ ಅಂಡವು ಹೊರಬೀಳುವುದಿಲ್ಲ. ಅದರ ಜೊತೆಗೆ ಗರ್ಭಾಶಯದ ಕೊರಳಿನಲ್ಲಿರುವ ಲೋಳೆಯು ಗಟ್ಟಿಯಾಗಿ ವೀರ್ಯಾಣುಗಳ ದಾರಿಯನ್ನು ಅಡ್ಡಗಟ್ಟುತ್ತದೆ.

ಅಂಗಡಿಯಲ್ಲಿ ಹತ್ತಾರು ಹೆಸರಿನ ಗುಳಿಗೆಗಳು ಸಿಕ್ಕಿದರೂ ಅವುಗಳಲ್ಲಿ ಇರುವ ಜಾತಿಗಳು ಎರಡೇ. ಈಸ್ಟ್ರೊಜನ್ನಿನೊಡನೆ ಪ್ರೊಜೆಸ್ಟಿನ್ (ಕೃತಕ ಪ್ರೊಜೆಸ್ಟರಾನಿಗೆ ಈ ಹೆಸರು) ಸೇರಿರುವುದು ಸಂಯುಕ್ತ ಗುಳಿಗೆ. ಪ್ರೊಜೆಸ್ಟಿನ್ ಒಂದೇ ಇರುವುದು ಎರಡನೆಯ ಬಗೆ. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುವ ಮಾಲಾ-ಎನ್ ಮೊದಲನೆಯ ಜಾತಿಯದು. ಅದರ ಒಂದೊಂದು ಗುಳಿಗೆಯಲ್ಲಿಯೂ ೦.೧೫ ಮಿಲಿಗ್ರಾಮು ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ನೂ ೦.೦೩ ಮಿಲಿಗ್ರಾಮು, ಎಂದರೆ ೩೦ ಮೈಕ್ರೊಗ್ರಾಮು, ಇತಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೊಜನ್ನೂ ಇರುತ್ತವೆ. ಪಟ್ಟಿಯಲ್ಲಿ ಇಂಥವು ೨೧. ಉಳಿದ ೭ ಬೇರೆ ಬಣ್ಣದವು. ಅವುಗಳಲ್ಲಿರುವುದು ಹಾರ್ಮೋನಲ್ಲ, ಕಬ್ಬಿಣದ ಸತ್ವ. ಸ್ರಾವದಿಂದ ಕಳೆದುಹೋಗುವ ಕಬ್ಬಿಣವನ್ನು ತುಂಬಿಕೊಡುವುದೂ ನಿತ್ಯದ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದೂ ಅವುಗಳ ಉದ್ದೇಶ.

ಎರಡನೆಯ ಹಾರ್ಮೋನಿಲ್ಲದೆಯೂ ಕೆಲಸ ನಡೆಯುವುದಾದರೆ ಈಸ್ಟ್ರೊಜನ್ ಏತಕ್ಕೆ ಬೇಕು? ಇದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೫೦ರ ದಶಕದಲ್ಲಿ ಪರೀಕ್ಷಿಸಿದ ಗುಳಿಗೆಯಲ್ಲಿ ಇರಬೇಕಾಗಿದ್ದುದು ನಾರೆತಿನೊಡ್ರೆಲ್ ಎಂಬ ಪ್ರೊಜೆಸ್ಟಿನ್ ಒಂದೇ. ತಯಾರಿಕೆಯ ಹಂತದಲ್ಲಿ ಅದಕ್ಕೆ ಮೆಸ್ಟ್ರನಾಲ್ ಎಂಬ ಈಸ್ಟ್ರೊಜನ್ ಕಲ್ಮಷವಾಗಿ ಬೆರೆತುಕೊಂಡಿದ್ದುದು ತಿಳಿದುಬಂತು. ಕಲ್ಮಷವನ್ನು ತೆಗೆದು ಶುದ್ಧಗೊಳಿಸಿದಾಗ ಸ್ತ್ರೀಯರಿಗೆ ನಡುನಡುವೆ ಅಕಾಲದ ಸ್ರಾವ ಕಾಣಿಸಿಕೊಂಡಿತು! ಆಗ ಕಲ್ಮಷವೆಂದು ತೆಗೆದದ್ದನ್ನೇ ಅಳೆದು ಮತ್ತೆ ಸೇರಿಸಿದರು. ಗರ್ಭಾಶಯದ ಒಳಪದರವನ್ನು ಸ್ಥಿರವಾಗಿಟ್ಟು ತಿಂಗಳ ಸ್ರಾವವನ್ನು ಕ್ರಮಬದ್ಧವಾಗಿರಿಸುವುದು ಈಸ್ಟ್ರೊಜನ್ನಿನ ಗುಣ. ಎನೊವಿಡ್ ಎಂಬ ಆ ಗುಳಿಗೆಗೆ ೧೯೬೦ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವೆಂಬ ಮನ್ನಣೆ ದೊರೆಯಿತು. ಅದಕ್ಕೆ ಮೊದಲು ೧೯೫೬ರಿಂದ ಪೋರ್ಟೊರಿಕೋ ದ್ವೀಪದ ಬಡ ಹೆಂಗಸರ ಮೇಲೆ ಅದರ ಪರೀಕ್ಷೆ ನಡೆಯಿತು. ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ ಅವರು ಗುಳಿಗೆ ಗರ್ಭವನ್ನು ತಡೆಯುವುದು ನಿಜವಾದರೂ ನೂರಕ್ಕೆ ೧೭ ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು ಮೊದಲಾದ ತೊಂದರೆಗಳುಂಟಾದುವೆಂದು ವರದಿ ಮಾಡಿದರು. ಆ ಮಾತಿಗೆ ಸಲ್ಲಬೇಕಾದ ಬೆಲೆ ಅಂದು ಸಲ್ಲಲಿಲ್ಲ.

ಈಸ್ಟ್ರೊಜನ್ನಿನ ಪ್ರಶ್ನೆ

ನುಂಗಿದ ಗುಳಿಗೆಯ ಸಾರವು ಕರುಳಿನಿಂದ ಮೊದಲು ಹೋಗಿ ಸೇರುವುದು ಯಕೃತ್ತಿಗೆ. ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳು ತಯಾರಾಗುವುದೂ ಬಹುಪಾಲು ಅಲ್ಲಿಯೇ. ಯಕೃತ್ತಿನಲ್ಲಿ ಬೇಗನೆ ನಾಶವಾಗದಿರಲೆಂದೇ ರೂಪಿಸಿದ ಇತಿನೈಲ್ ಈಸ್ಟ್ರಡಯಾಲ್, ಅಲ್ಲಿರುವಾಗ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ, ಹೆಪ್ಪನ್ನು ತಡೆಯುವ ಪ್ರೋಟೀನುಗಳನ್ನು ತಗ್ಗಿಸುತ್ತದೆ. ರಕ್ತ ನಾಳದೊಳಗೇ ಹೆಪ್ಪುಗಟ್ಟಲು ಮೂರು ಕಾರಣಗಳುಂಟು: ಹರಿವು ನಿಧಾನವಾಗುವುದು, ನಾಳದ ಗೋಡೆ ಘಾಸಿಗೊಳ್ಳುವುದು, ರಕ್ತದ ಘಟಕಗಳ ಪ್ರಮಾಣ ಬದಲಾಗುವುದು. ಈ ತ್ರಯಕ್ಕೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಅವರ ಹೆಸರಿದೆ. ಗುಳಿಗೆ ಮೂರನೆಯ ಬಾಗಿಲನ್ನು ಸ್ವಲ್ಪ ತೆರೆಯುತ್ತದೆ. ಮೊದಲೆರಡು ಬಾಗಿಲುಗಳೂ ತೆರೆದೇ ಇರುವವಳಿಗೆ ಅದು ಅಪಾಯ. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಹೋಗಿ ನಿಂತರೆ ಪ್ರಾಣಕ್ಕೇ ಸಂಚಕಾರ.

ಇಂಥ ಘಟನೆಯನ್ನು ೧೯೬೧ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಮೊತ್ತಮೊದಲು ವರದಿ ಮಾಡಿದರು. ಮುಂದೆ ಅಂಕಿ ಅಂಶಗಳು ಕೂಡಿಬಂದು, ಈಸ್ಟ್ರೊಜನ್ ಹೆಚ್ಚಿದಷ್ಟೂ ಅಪಾಯ ಹೆಚ್ಚೆಂಬುದು ಸಿದ್ಧವಾಯಿತು. ಮೊದಲ ಎನೊವಿಡ್ಡಿನಲ್ಲಿ ೧೫೦ ಮೈಕ್ರೊಗ್ರಾಮು ಈಸ್ಟ್ರೊಜನ್ ಇತ್ತು. ೧೯೬೯ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ೫೦ ಮೈಕ್ರೊಗ್ರಾಮು ಮೀರದ ಗುಳಿಗೆಗಳನ್ನೇ ಕೊಡಬೇಕೆಂದು ವೈದ್ಯರಿಗೆ ಸೂಚಿಸಿತು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ೨೦ರಿಂದ ೩೫.

ಆದಕಾರಣ ಗುಳಿಗೆಯನ್ನು ಆರಿಸುವವಳು ಕೇಳಬೇಕಾದ ಮೊದಲನೆಯ ಪ್ರಶ್ನೆ “ಯಾವ ಹೆಸರಿನದು?” ಎಂದಲ್ಲ, “ನಾನು ಈಸ್ಟ್ರೊಜನ್ ತೆಗೆದುಕೊಳ್ಳಬಹುದೆ?” ಎಂದು. ಸಂತೋಷದ ಸಂಗತಿಯೆಂದರೆ, ಇದಕ್ಕೆ ಉತ್ತರ ಕಂಡುಕೊಳ್ಳಲು ದುಬಾರಿಯಾದ ರಕ್ತಪರೀಕ್ಷೆಗಳು ಸಾಮಾನ್ಯವಾಗಿ ಬೇಕಾಗಿಲ್ಲ. ಬೇಕಾದುದು ಕೆಲವು ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದ ಉತ್ತರ ಮತ್ತು ತೋಳಿಗೆ ಪಟ್ಟಿ ಸುತ್ತಿ ನೋಡುವ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯು ದೇಹಸ್ಥಿತಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಒಂದನೆಯದರಲ್ಲಿ ಯಾವ ನಿರ್ಬಂಧವೂ ಇಲ್ಲ, ಎರಡರಲ್ಲಿ ಪ್ರಯೋಜನ ಅಪಾಯಕ್ಕಿಂತ ಹೆಚ್ಚು, ಮೂರರಲ್ಲಿ ಅಪಾಯವೇ ಹೆಚ್ಚು, ಬೇರೆ ಉಪಾಯವಿಲ್ಲದಿದ್ದರೆ ಮಾತ್ರ, ನಾಲ್ಕನೆಯದಾದರೆ ಕೂಡದು.

ಹಿಂದೆ ಕಾಲಿನ ಆಳದ ನಾಳದಲ್ಲಿಯೋ ಶ್ವಾಸಕೋಶದಲ್ಲಿಯೋ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯದ ರಕ್ತನಾಳದ ಬೇನೆಗೆ ತುತ್ತಾದವರು, ಸ್ತನದ ಕ್ಯಾನ್ಸರು ಇರುವವರು, ಹಲವು ದಿನ ಹಾಸಿಗೆ ಹಿಡಿಸುವ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಸಂಯುಕ್ತ ಗುಳಿಗೆಯ ಮಟ್ಟಿಗೆ ನಾಲ್ಕನೆಯ ವರ್ಗದವರು. ರಕ್ತದೊತ್ತಡದ ಮೇಲಿನ ಅಂಕಿ ೧೬೦ ಅಥವಾ ಕೆಳಗಿನ ಅಂಕಿ ೧೦೦ ಮುಟ್ಟಿದರೆ ಅವರೂ ಅಲ್ಲಿಗೇ ಸೇರುತ್ತಾರೆ. ೧೪೦/೯೦ ದಾಟಿದರೆ ಮೂರನೆಯ ವರ್ಗ. ಮೂವತ್ತೈದು ದಾಟಿ ದಿನಕ್ಕೆ ೧೫ ಅಥವಾ ಹೆಚ್ಚು ಸಿಗರೇಟು ಸೇದುವವರಿಗೂ ನಾಲ್ಕನೆಯ ವರ್ಗವೇ.

ತಲೆನೋವಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ಕೇಳುವವರೂ ಹೇಳುವವರೂ ಇದನ್ನು ಹಗುರವಾಗಿ ದಾಟಿಬಿಡುತ್ತಾರೆ. ಎಲ್ಲ ತಲೆನೋವೂ ಅಡ್ಡಿಯಲ್ಲ. ಅರೆತಲೆನೋವು ಬರುವ ಮುನ್ನ ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳು ಕಾಣುವುದು, ನೋಟದ ಒಂದು ಭಾಗ ಮಸುಕಾಗುವುದು, ಮುಖದ ಅಥವಾ ಕೈಯ ಒಂದು ಪಕ್ಕ ಜೋಮು ಹಿಡಿಯುವುದು, ಇವು ಐದು ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಆಮೇಲೆ ನೋವು ಆರಂಭವಾಗುವುದು: ಇಂಥ ಪೂರ್ವಸೂಚನೆಯುಳ್ಳ ಅರೆತಲೆನೋವಿನವರಿಗೆ ಈಸ್ಟ್ರೊಜನ್ನಿನಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ವಯಸ್ಸು ಎಷ್ಟೇ ಆಗಿರಲಿ, ಅವರಿಗೆ ಸಂಯುಕ್ತ ಗುಳಿಗೆ ಕೂಡದು. “ಆಗಾಗ್ಗೆ ತಲೆ ನೋಯುತ್ತದೆ” ಎಂದಷ್ಟೇ ಹೇಳಿದರೆ ಇದು ಹೊರಬೀಳುವುದಿಲ್ಲ. ನೋವಿಗೆ ಮೊದಲು ಏನಾಗುತ್ತದೆಂಬುದನ್ನು ಹೇಳಬೇಕು.

ಬಾಣಂತಿಯರ ಮಾತು ಬೇರೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಸಹಜವಾಗಿಯೇ ಏರಿರುತ್ತದೆ. ಮೊಲೆಯೂಡಿಸುವ ತಾಯಿಗೆ ಮೊದಲ ಆರು ವಾರ ಸಂಯುಕ್ತ ಗುಳಿಗೆ ನಿಷಿದ್ಧ. ಆರು ತಿಂಗಳವರೆಗೂ ತಕ್ಕುದಲ್ಲ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಮೊದಲಾದ ಔಷಧಗಳಿಂದ ಬರುವ ತೊಂದರೆ ಇನ್ನೊಂದು ಬಗೆಯದು. ಇವು ಯಕೃತ್ತನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗನೆ ಒಡೆದುಹಾಕುತ್ತವೆ. ಗುಳಿಗೆ ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಂತೀತು. ಇಂಥವರಿಗೆ ಎರಡು ಜಾತಿಯ ಗುಳಿಗೆಯೂ ನೆಚ್ಚಿಗೆಯದಲ್ಲ. ತಾಮ್ರದ ವಂಕಿಯೋ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದೋ ಮೇಲು.

ಇದಕ್ಕೆ ಪ್ರತಿಯಾಗಿ, ಜನರು ಸುಮ್ಮನೆ ಹೆದರುವ ಸಂಗತಿಗಳೂ ಇವೆ. ಥೈರಾಯ್ಡಿನ ದೋಷ, ಕಾಲಿನ ಉಬ್ಬಿದ ನರ, ಕಬ್ಬಿಣದ ಕೊರತೆಯ ರಕ್ತಹೀನತೆ ಇವು ಮೂರೂ ಮೊದಲನೆಯ ವರ್ಗಕ್ಕೆ ಸೇರಿದವು. ರಕ್ತಹೀನತೆಗಂತೂ ಸ್ರಾವವನ್ನು ಕಡಮೆಮಾಡುವ ಗುಳಿಗೆ ಉಪಕಾರಿಯೇ.

ಎರಡುಪಟ್ಟು ಎಂದರೆ ಎಷ್ಟು?

೧೯೯೫ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಒಂದು ಎಚ್ಚರಿಕೆಯನ್ನು ಹೊರಡಿಸಿತು. ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಎಂಬ ಹೊಸ ಪ್ರೊಜೆಸ್ಟಿನ್ನುಗಳುಳ್ಳ ಸಂಯುಕ್ತ ಗುಳಿಗೆಗಳಿಂದ ಹೆಪ್ಪುಗಟ್ಟುವ ಅಪಾಯ ಹಳೆಯವುಗಳ ಎರಡರಷ್ಟು ಎಂಬುದು ಅದರ ಸಾರ. ಪತ್ರಿಕೆಗಳು “ಎರಡುಪಟ್ಟು” ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿದುವು. ಗಾಬರಿಗೊಂಡ ಸ್ತ್ರೀಯರು ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರು. ಮುಂದಿನ ವರ್ಷ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಸುಮಾರು ೧೩,೦೦೦ ಗರ್ಭಪಾತಗಳು ಹೆಚ್ಚಾಗಿ ನಡೆದುವೆಂದು ಅಂದಾಜು. ಎರಡುಪಟ್ಟು ಎಂಬುದು ಸುಳ್ಳಾಗಿರಲಿಲ್ಲ. ಆದರೆ ಅದು ೭,೦೦೦ದಲ್ಲಿ ಒಬ್ಬಳಿಂದ ೭,೦೦೦ದಲ್ಲಿ ಇಬ್ಬರಿಗೆ ಏರಿದ ಎರಡುಪಟ್ಟು. ಅನುಪಾತಕ್ಕೆ ಏಕಮಾನವಿಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಏಕಮಾನವಿಲ್ಲದ ಸಂಖ್ಯೆಯಿಂದ ಮೊತ್ತ ತಿಳಿಯದು. ಯಾವುದರ ಎರಡುಪಟ್ಟು ಎಂಬುದು ಗೊತ್ತಾಗಬೇಕು. ಬಂಗಾರದ ಬೆಲೆ ಇಮ್ಮಡಿಯಾಯಿತೆಂದರೂ ಬೆಂಕಿಪೊಟ್ಟಣದ ಬೆಲೆ ಇಮ್ಮಡಿಯಾಯಿತೆಂದರೂ ಮಾತಿನಲ್ಲಿ ಒಂದೇ. ಕಿಸೆಗೆ ಒಂದೇ ಅಲ್ಲ.

ಯುರೋಪಿನ ಔಷಧ ಸಂಸ್ಥೆ ೨೦೧೩ರಲ್ಲಿ ಪ್ರಕಟಿಸಿದ ಎಣಿಕೆ ಹೀಗಿದೆ. ಗರ್ಭಿಣಿಯರಲ್ಲದ, ಗುಳಿಗೆಯನ್ನೂ ನುಂಗದ ೧೦,೦೦೦ ಮಂದಿ ಸ್ತ್ರೀಯರಲ್ಲಿ ಒಂದು ವರ್ಷಕ್ಕೆ ಸುಮಾರು ೨ ಮಂದಿಗೆ ನಾಳದಲ್ಲಿ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಸಂಯುಕ್ತ ಗುಳಿಗೆಯವರಲ್ಲಿ ೫ರಿಂದ ೭. ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್, ಡ್ರೊಸ್ಪಿರಿನೋನ್ ಇರುವ ಸಂಯುಕ್ತ ಗುಳಿಗೆಯವರಲ್ಲಿ ೯ರಿಂದ ೧೨. ಬಸಿರಿನಲ್ಲಿ ಈ ಅಪಾಯ ಗುಳಿಗೆಯದಕ್ಕಿಂತ ಹೆಚ್ಚು. ಹೆರಿಗೆಯಾದ ವಾರಗಳಲ್ಲಿ ಅದಕ್ಕಿಂತಲೂ ಹಲವು ಪಟ್ಟು. ಗುಳಿಗೆಗೆ ಹೆದರಿ ಬೇಡದ ಬಸಿರನ್ನು ಹೊತ್ತವಳು ಚಿಕ್ಕ ಅಪಾಯದಿಂದ ದೊಡ್ಡ ಅಪಾಯಕ್ಕೆ ನಡೆದಂತಾಯಿತು.

ಹಾಗೆಂದು ಎರಡುಪಟ್ಟಿನ ಮಾತನ್ನು ತಳ್ಳಿಹಾಕುವುದೂ ಸರಿಯಲ್ಲ. ಅನುಪಾತವು ಗುಣಿಸುವುದು ಪ್ರತಿಯೊಬ್ಬಳ ಸ್ವಂತ ಆಧಾರಸಂಖ್ಯೆಯನ್ನು. ಇಪ್ಪತ್ತೆರಡು ವರ್ಷದ, ಸಹಜ ರಕ್ತದೊತ್ತಡದ ಆರೋಗ್ಯವಂತೆಯಲ್ಲಿ ಆ ಸಂಖ್ಯೆ ಅತ್ಯಲ್ಪ. ಮೂರರಿಂದ ಗುಣಿಸಿದರೂ ಅಲ್ಪವೇ. ತಾಯಿಗೋ ಅಕ್ಕನಿಗೋ ಹೆಪ್ಪುಗಟ್ಟಿದ ಚರಿತ್ರೆಯಿದ್ದು, ತೂಕ ಬಹಳ ಹೆಚ್ಚಿ, ವಯಸ್ಸು ನಲವತ್ತಾದವಳಲ್ಲಿ ಆಧಾರಸಂಖ್ಯೆಯೇ ದೊಡ್ಡದು. ಒಂದೇ ಗುಳಿಗೆ ಇಬ್ಬರಿಗೂ ಒಂದೇ ಅಲ್ಲವೆಂಬುದು ಈ ಗುಣಾಕಾರದಿಂದ ಸ್ಪಷ್ಟವಾಗುತ್ತದೆ.

ಈ ಅಪಾಯ ಅತ್ಯಧಿಕವಾಗಿರುವುದು ಮೊದಲನೆಯ ವರ್ಷದಲ್ಲಿ. ನಾಲ್ಕು ವಾರ ಅಥವಾ ಹೆಚ್ಚು ಕಾಲ ಬಿಟ್ಟು ಪುನಃ ಆರಂಭಿಸಿದಾಗಲೂ ಅದು ಹೊಸದಾಗಿ ಏರುತ್ತದೆ. ಆದುದರಿಂದ “ದೇಹಕ್ಕೆ ವಿಶ್ರಾಂತಿ ಕೊಡಬೇಕು” ಎಂದು ಆಗಾಗ ಬಿಟ್ಟು ಹಿಡಿಯುವ ಪದ್ಧತಿಯಿಂದ ಲಾಭವಿಲ್ಲ, ನಷ್ಟವೇ ಉಂಟು.

ಕ್ಯಾನ್ಸರಿನ ಲೆಕ್ಕವೂ ಹೀಗೆಯೇ ಎರಡು ಕಡೆಗೆ ತೂಗುತ್ತದೆ. ಡೆನ್ಮಾರ್ಕಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದ ಪ್ರಕಾರ ಹಾರ್ಮೋನಿನ ಗರ್ಭನಿರೋಧಕಗಳನ್ನು ಬಳಸುವವರಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು ೧೩ ಮಂದಿಗೆ ಸ್ತನದ ಕ್ಯಾನ್ಸರು ಹೆಚ್ಚಾಗಿ ಕಂಡಿತು. ಅಂಡಾಶಯದ ಮತ್ತು ಗರ್ಭಾಶಯದ ಒಳಪದರದ ಕ್ಯಾನ್ಸರುಗಳು ಸಂಯುಕ್ತ ಗುಳಿಗೆ ನುಂಗಿದವರಲ್ಲಿ ಕಡಮೆ. ಈ ರಕ್ಷಣೆ ಗುಳಿಗೆ ನಿಲ್ಲಿಸಿದ ಮೇಲೂ ಅನೇಕ ವರ್ಷ ಉಳಿಯುತ್ತದೆ.

ಈಸ್ಟ್ರೊಜನ್ ಕೂಡದವರಿಗೆ

ಪ್ರೊಜೆಸ್ಟಿನ್ ಒಂದೇ ಇರುವ ಗುಳಿಗೆ ಹೆಪ್ಪಿನ ಅಪಾಯವನ್ನು ಗಣನೀಯವಾಗಿ ಹೆಚ್ಚಿಸುವುದಿಲ್ಲ. ಮೊಲೆಯೂಡಿಸುವವರು, ರಕ್ತದೊತ್ತಡವುಳ್ಳವರು, ಪೂರ್ವಸೂಚನೆಯ ಅರೆತಲೆನೋವಿನವರು ವೈದ್ಯರನ್ನು ಕೇಳಿ ಇದನ್ನು ಬಳಸಬಹುದು. ಸ್ತನದ ಕ್ಯಾನ್ಸರು ಇರುವವರಿಗೆ ಇದೂ ಸಲ್ಲದು. ಇದಕ್ಕೆ ಎರಡು ದೋಷಗಳುಂಟು. ಸ್ರಾವ ಕ್ರಮತಪ್ಪಬಹುದು, ಅದು ರೋಗವಲ್ಲ, ಆದರೆ ಮೊದಲೇ ಹೇಳದಿದ್ದರೆ ಹೆಂಗಸರು ಗಾಬರಿಗೊಂಡು ಬಿಟ್ಟುಬಿಡುತ್ತಾರೆ. ಎರಡನೆಯದು ಹೊತ್ತಿನ ಕಟ್ಟುನಿಟ್ಟು. ಹಳೆಯ ಬಗೆಯ ಗುಳಿಗೆಗಳಲ್ಲಿ ಮೂರು ಗಂಟೆ ತಡವಾದರೂ ರಕ್ಷಣೆ ಸಡಿಲುತ್ತದೆ. ೭೫ ಮೈಕ್ರೊಗ್ರಾಮು ಡೆಸೊಜೆಸ್ಟ್ರೆಲ್ಲಿನದರಲ್ಲಿ ಹನ್ನೆರಡು ಗಂಟೆಯವರೆಗೆ ಅವಕಾಶವಿದೆ. ಪಾಳಿಯ ಮೇಲೆ ಕೆಲಸಮಾಡುವ ದಾದಿಗೋ ಕಾರ್ಖಾನೆಯ ಹುಡುಗಿಗೋ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮ ದೇಶದಲ್ಲಿಯೇ ಹುಟ್ಟಿದ ಮೂರನೆಯ ದಾರಿಯೊಂದಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಕಂಡುಹಿಡಿದ ಓರ್ಮೆಲಾಕ್ಸಿಫೀನ್ ೧೯೯೧ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಬಳಕೆಗೆ ಬಂತು. ೨೦೧೬ರಿಂದ ‘ಛಾಯಾ’ ಎಂಬ ಹೆಸರಿನಲ್ಲಿ ಸರಕಾರದ ಕುಟುಂಬಯೋಜನೆಯಲ್ಲಿಯೂ ಸೇರಿದೆ. ಇದು ಹಾರ್ಮೋನೇ ಅಲ್ಲ. ಈಸ್ಟ್ರೊಜನ್ ಕೂರಬೇಕಾದ ಸ್ಥಾನದಲ್ಲಿ ತಾನು ಕುಳಿತು ಕೆಲವು ಅಂಗಗಳಲ್ಲಿ ಅದರ ಕೆಲಸವನ್ನು ತಡೆಯುವ ವಸ್ತು. ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಅನಂತರ ವಾರಕ್ಕೊಮ್ಮೆ ೩೦ ಮಿಲಿಗ್ರಾಮಿನ ಒಂದೊಂದು ಗುಳಿಗೆ. ಹಾಲೂಡಿಸುವವರಿಗೂ ಸಲ್ಲುತ್ತದೆ. ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ಪಿ.ಸಿ.ಓ.ಡಿ. ಎಂಬ ತೊಂದರೆಯವರು, ಇತ್ತೀಚೆಗೆ ಕಾಮಾಲೆಯಾಗಿದ್ದವರು, ಕ್ಷಯ ಅಥವಾ ಮೂತ್ರಪಿಂಡದ ಬೇನೆಯುಳ್ಳವರು ತೆಗೆದುಕೊಳ್ಳಬಾರದು. ಮುಟ್ಟು ತಡವಾಗುವುದು ಇದರಲ್ಲಿ ಸಾಮಾನ್ಯ; ಹದಿನೈದು ದಿನಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಸಬೇಕು.

ಇನ್ನೊಂದು ಗುಳಿಗೆಯ ವಿಷಯವನ್ನು ಇಲ್ಲಿ ಹೇಳದೆ ಇರುವಂತಿಲ್ಲ. ಮದುವೆ, ಹಬ್ಬ, ತೀರ್ಥಯಾತ್ರೆಗಳಿಗೆ ಅಡ್ಡಿಯಾಗದಿರಲೆಂದು ಮುಟ್ಟನ್ನು ಮುಂದೂಡಲು ೫ ಮಿಲಿಗ್ರಾಮಿನ ನಾರೆತಿಸ್ಟಿರೋನ್ ಗುಳಿಗೆಯನ್ನು ದಿನಕ್ಕೆ ಮೂರರಂತೆ ನುಂಗುವುದು ನಮ್ಮಲ್ಲಿ ಮನೆಮಾತಾಗಿದೆ. ಇದು ಗರ್ಭನಿರೋಧಕವೆಂದು ಭಾವಿಸುವುದು ತಪ್ಪು. ಬರಿಯ ಪ್ರೊಜೆಸ್ಟಿನ್ ಆದ್ದರಿಂದ ನಿರಪಾಯವೆಂಬುದೂ ಪೂರ್ತಿ ನಿಜವಲ್ಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ಅದರ ಒಂದಂಶ ದೇಹದಲ್ಲಿ ಇತಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ದಿನಕ್ಕೆ ೧೦ರಿಂದ ೨೦ ಮಿಲಿಗ್ರಾಮು ನುಂಗುವುದು ೨೦ರಿಂದ ೩೦ ಮೈಕ್ರೊಗ್ರಾಮಿನ ಸಂಯುಕ್ತ ಗುಳಿಗೆಯನ್ನು ನುಂಗಿದಂತೆಯೇ ಸರಿ. ಮೇಲೆ ಹೇಳಿದ ನಾಲ್ಕನೆಯ ವರ್ಗದವರು ಮನೆಯವರ ಒತ್ತಾಯಕ್ಕೆ ಮಣಿದು ಇದನ್ನು ಕೇಳಿ ಕೊಳ್ಳುವುದು ಅಪಾಯಕರ.

ಮೊಡವೆ, ಮುಖದ ರೋಮ ಇವುಗಳಿಗೆಂದು ಸೈಪ್ರೊಟಿರೋನ್ ಅಥವಾ ಡ್ರೊಸ್ಪಿರಿನೋನ್ ಇರುವ ಸಂಯುಕ್ತ ಗುಳಿಗೆಗಳನ್ನು ಬರೆದುಕೊಡುವುದುಂಟು. ಪ್ರಯೋಜನ ನಿಜ, ಹೆಪ್ಪಿನ ಅಪಾಯ ಲೆವೊನಾರ್ಜೆಸ್ಟ್ರೆಲ್ಲಿನದಕ್ಕಿಂತ ಸ್ವಲ್ಪ ಹೆಚ್ಚೆಂಬುದೂ ನಿಜ. ಬೇರೆ ಕಾರಣವಿಲ್ಲದಿದ್ದರೆ ಹಳೆಯ, ಅಗ್ಗವಾದ ಲೆವೊನಾರ್ಜೆಸ್ಟ್ರೆಲ್ ಗುಳಿಗೆಯಿಂದ ಆರಂಭಿಸುವುದೇ ವಿವೇಕವೆಂದು ನನ್ನ ಎಣಿಕೆ. ಬೆಲೆ ಹೆಚ್ಚಾದುದು ಗುಣದಲ್ಲಿಯೂ ಹೆಚ್ಚೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ನುಂಗುವ ಕ್ರಮ

ಒಂದು ದಿನವೂ ತಪ್ಪದೆ ನುಂಗಿದರೆ ವರ್ಷದಲ್ಲಿ ನೂರಕ್ಕೆ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಜನರು ವಾಸ್ತವವಾಗಿ ನುಂಗುವ ರೀತಿಯಲ್ಲಿ ನೂರಕ್ಕೆ ಸುಮಾರು ೭ ಮಂದಿಗೆ ನಿಲ್ಲುತ್ತದೆ. ನಡುವಣ ಅಂತರವೆಲ್ಲ ಬಹುಮಟ್ಟಿಗೆ ಮರೆವಿನದು. ಸಂಯುಕ್ತ ಗುಳಿಗೆ ಒಂದು ತಪ್ಪಿದರೆ ನೆನಪಾದ ಕೂಡಲೆ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ ನುಂಗಬೇಕು. ಎರಡು ಅಥವಾ ಹೆಚ್ಚು ಸಾಲಾಗಿ ತಪ್ಪಿದರೆ ಒಂದನ್ನು ಒಡನೆ ನುಂಗಿ, ಮುಂದೆ ಏಳು ದಿನ ಬಿಡದೆ ನುಂಗುವವರೆಗೆ ನಿರೋಧವನ್ನೂ ಬಳಸಬೇಕು. ಆ ಏಳು ದಿನ ಮುಗಿಯುವ ಮೊದಲೇ ಹಾರ್ಮೋನಿನ ಗುಳಿಗೆಗಳು ಮುಗಿದುಹೋದರೆ ಕಬ್ಬಿಣದ ಗುಳಿಗೆಗಳನ್ನು ಬಿಟ್ಟು ಹೊಸ ಪಟ್ಟಿಯನ್ನು ಆರಂಭಿಸಬೇಕು. ಲೈಂಗಿಕ ಸೋಂಕುಗಳಿಂದ ಗುಳಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

೧೯೩೦ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಈಗ ಮಾಲಾ-ಎನ್, ಛಾಯಾ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ದೊರೆಯುತ್ತವೆ. ಮೊದಲ ಪಟ್ಟಿಯನ್ನು ಪಡೆಯುವಾಗ ರಕ್ತದೊತ್ತಡವನ್ನು ನೋಡಿಸಿಕೊಳ್ಳಬೇಕು; ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ವಾಕರಿಕೆ, ಸ್ತನಗಳ ಬಿಗುಪು, ನಡುವೆ ಕಾಣುವ ತೊಟ್ಟುಸ್ರಾವ ಇವು ಹೆಚ್ಚಿನವರಲ್ಲಿ ಅಷ್ಟರೊಳಗ��� ತಗ್ಗುತ್ತವೆ. ತಗ್ಗದಿದ್ದರೆ ಬೇರೊಂದು ಗುಳಿಗೆಯನ್ನು ಕೇಳುವುದು ತಪ್ಪಲ್ಲ.

ಆದರೆ ಒಂದು ಕಾಲು ಮಾತ್ರ ಊದಿ ಮೀನಖಂಡದಲ್ಲಿ ನೋವು ಕಾಣಿಸಿಕೊಂಡರೆ, ಎದೆ ನೋವು ಅಥವಾ ಏದುಸಿರು ಹಠಾತ್ತಾಗಿ ಬಂದರೆ, ಹಿಂದೆಂದೂ ಇಲ್ಲದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ತಲೆದೋರಿದರೆ, ಕಣ್ಣು ಹಳದಿಯಾದರೆ, ಗುಳಿಗೆಯನ್ನು ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಮನೆಗಳಲ್ಲಿ ಗುಳಿಗೆಯ ವಿಷಯವನ್ನು ಅತ್ತೆಯೆದುರಿಗೋ ಗಂಡನೆದುರಿಗೋ ಬಾಯಿಬಿಡದವರು ಅನೇಕರಿದ್ದಾರೆ. ಜೊತೆಗೆ ಬಂದವರು ಕೇಳಿಸಿಕೊಳ್ಳುತ್ತಾರೆಂದು ವೈದ್ಯರ ಮುಂದೆಯೂ ಸುಮ್ಮನಿದ್ದುಬಿಡುತ್ತಾರೆ. ಅಂಥ ಸಂಕೋಚವಿದ್ದರೆ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರ ಕೈಗೆ ಕೊಟ್ಟರೂ ಸಾಕು. ಅದರ ಬೆನ್ನ ಮೇಲಿರುವ ಅಕ್ಷರಗಳನ್ನು ಅವರು ಓದಿಕೊಳ್ಳುತ್ತಾರೆ.